ಕನ್ನಡ ವೆಬ್‌ಸೈಟ್ ಕಟ್ಟಿಕೊಡುವ ಫ್ರೀಲ್ಯಾನ್ಸ್ ಡಿಸೈನರ್‌ಗೆ: ಮೊದಲ ಫೋನ್ ಕರೆಯಿಂದ ಬಿಲ್ ಕೈಸೇರುವವರೆಗೆ

ಕನ್ನಡದ ಯಾವುದಾದರೂ ನಾಲ್ಕು ಸಣ್ಣ ಸಂಸ್ಥೆಗಳ ವೆಬ್‌ಸೈಟ್‌ಗಳನ್ನು ಫೋನಿನಲ್ಲಿ ತೆರೆದು ನೋಡಿ. ಎಲ್ಲೋ ಒಂದು ಕಡೆ ಒತ್ತಕ್ಷರದ ಬುಡ ಕತ್ತರಿಸಿ ಹೋಗಿರುತ್ತದೆ. ಸಾಲುಗಳು ಒಂದಕ್ಕೊಂದು ತಾಗುತ್ತಿರುತ್ತವೆ. ಬೇಕಾದ ಮಾಹಿತಿ ಸ್ಕ್ಯಾನ್ ಮಾಡಿದ ಪಿಡಿಎಫ್ ಒಳಗೆ ಕೂತಿರುತ್ತದೆ. ಟೆಂಪ್ಲೇಟ್ ಹಾಕಿ ಇಂಗ್ಲಿಷ್ ಸೈಟ್ ಮಾಡಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಕನ್ನಡವನ್ನು ಸಲೀಸಾಗಿ ಓದುವ ಹಾಗೆ ಕಟ್ಟಿಕೊಡುವವರು ಕಡಿಮೆ. ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಮನೆಯಿಂದಲೇ ಕೆಲಸ ಮಾಡುವ ಫ್ರೀಲ್ಯಾನ್ಸ್ ಡಿಸೈನರ್‌ಗೆ ಇದು ಗೌರವದ ಕೆಲಸ, ಹೊಟ್ಟೆಪಾಡಿನ ಕೆಲಸವೂ ಹೌದು.

ಮಾತು ಗಾಳಿಯಲ್ಲಿ ತೇಲಬಾರದು. ಅದಕ್ಕೆ ಒಂದೇ ಕೆಲಸವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮಲೆನಾಡಿನ ಒಂದು ಸಹಕಾರ ಸಂಘಕ್ಕೆ ವೆಬ್‌ಸೈಟ್ ಬೇಕು ಅಂದುಕೊಳ್ಳಿ. ಸದಸ್ಯರು ಅಡಿಕೆ, ಕಾಳುಮೆಣಸು ಬೆಳೆಯುವವರು. ಬಹುತೇಕರು ಓದುವುದು ಕನ್ನಡದಲ್ಲಿ, ಅದೂ ಫೋನಿನಲ್ಲಿ. ಕಾರ್ಯದರ್ಶಿಯವರು ಫೋನ್ ಮಾಡಿ "ಒಂದು ವೆಬ್‌ಸೈಟ್ ಆಗ್ಬೇಕಿತ್ತು, ಎಷ್ಟಾಗತ್ತೆ?" ಎಂದು ಕೇಳುತ್ತಾರೆ.

ಹೆಜ್ಜೆ 1: ಬೆಲೆ ಹೇಳುವ ಮುಂಚೆ ಸಂಘದ ಆಫೀಸಿನಲ್ಲಿ ಅರ್ಧ ದಿನ ಕೂರಿ

ಫೋನಿನಲ್ಲೇ ಮೊತ್ತ ಹೇಳಬೇಡಿ. "ಒಂದ್ಸಲ ಬಂದು ನೋಡಿ ಹೇಳ್ತೀನಿ ಸರ್" ಅಂದರೆ ಸಾಕು. ಹೋದಾಗ ಮೊದಲು ಕೇಳಬೇಕಾದದ್ದು ಬಣ್ಣ, ಲೋಗೊ ಬಗ್ಗೆ ಅಲ್ಲ. "ದಿನಾ ಜನ ಫೋನ್ ಮಾಡಿ ಏನೇನು ಕೇಳ್ತಾರೆ?" ಎಂದು ಕೌಂಟರ್‌ನಲ್ಲಿ ಕೂರುವ ಗುಮಾಸ್ತರನ್ನು ಕೇಳಿ. ಇವತ್ತಿನ ಅಡಿಕೆ ಧಾರಣೆ, ಸಾಲದ ಕಂತಿನ ಕೊನೆಯ ದಿನ, ಅರ್ಜಿ ನಮೂನೆ, ಮಹಾಸಭೆಯ ದಿನಾಂಕ, ಆಫೀಸಿನ ಸಮಯ. ಅವರು ಯಾವ ಕ್ರಮದಲ್ಲಿ ಹೇಳುತ್ತಾರೋ ಹೆಚ್ಚುಕಮ್ಮಿ ಅದೇ ನಿಮ್ಮ ಮುಖಪುಟದ ಕ್ರಮ. ಅಧ್ಯಕ್ಷರ ಭಾವಚಿತ್ರ, ಸಂಘದ ಇತಿಹಾಸ ಬೇಡ ಅಂತಲ್ಲ. ಅವು ಒಳಪುಟಕ್ಕೆ ಹೋಗಲಿ.

ಇನ್ನೂ ಮೂರು ವಿಷಯ ಅಲ್ಲೇ ತಿಳಿದುಕೊಳ್ಳಿ. ತೀರ್ಮಾನ ಯಾರದು? ಕಾರ್ಯದರ್ಶಿ ಮಾತಾಡುತ್ತಾರೆ, ಆದರೆ ಒಪ್ಪಬೇಕಾದದ್ದು ಆಡಳಿತ ಮಂಡಳಿ. ಅದರ ಮುಂದಿನ ಸಭೆ ಯಾವಾಗ ಎಂದು ಕೇಳಿ, ಅದರೊಳಗೆ ಕೊಟೇಶನ್ ತಲುಪಿಸಿ. ಪಠ್ಯ ಬರೆದುಕೊಡುವವರು ಯಾರು? ಸೈಟ್ ಶುರುವಾದ ಮೇಲೆ ದಿನಾ ಧಾರಣೆ ಹಾಕುವವರು ಯಾರು? ಈ ಕೊನೆಯ ಪ್ರಶ್ನೆಗೆ ಒಬ್ಬರ ಹೆಸರು ಸಿಗದಿದ್ದರೆ ಧಾರಣೆ ಪುಟವನ್ನೇ ಮಾಡಬೇಡಿ. ಮೂರು ತಿಂಗಳ ಹಿಂದಿನ ರೇಟು ತೋರಿಸುವ ಪುಟ ಸಂಘದ ಮರ್ಯಾದೆ ಕಳೆಯುತ್ತದೆ.

ಹೆಜ್ಜೆ 2: ಬೆಲೆ ಕಟ್ಟುವುದು

"ಮಾರ್ಕೆಟ್‌ನಲ್ಲಿ ಎಷ್ಟು ನಡೀತಿದೆ" ಎಂದು ನೋಡಿ ಬೆಲೆ ಹೇಳಿದರೆ ಯಾವತ್ತೂ ಕಡಿಮೆಯೇ ಆಗುತ್ತದೆ. ನಿಮ್ಮ ಖರ್ಚಿನಿಂದ ಲೆಕ್ಕ ಶುರು ಮಾಡಿ. ಮನೆ, ಇಂಟರ್ನೆಟ್, ಆರೋಗ್ಯ ವಿಮೆ, ಲ್ಯಾಪ್‌ಟಾಪ್ ಸವೆತ, ತೆರಿಗೆ, ಉಳಿತಾಯ ಎಲ್ಲ ಸೇರಿ ತಿಂಗಳಿಗೆ 45,000 ರೂಪಾಯಿ ಬೇಕು ಅಂದುಕೊಳ್ಳಿ. ವರ್ಷಕ್ಕೆ 5,40,000. ವರ್ಷದಲ್ಲಿ ಬಿಲ್ ಮಾಡಬಹುದಾದ ದಿನಗಳು ಎಷ್ಟು? 300 ಅಂತೂ ಅಲ್ಲ. ಹೊಸ ಕೆಲಸ ಹುಡುಕುವುದು, ಮೀಟಿಂಗ್, ಕಲಿಕೆ, ಹಬ್ಬ, ಜ್ವರ ಎಲ್ಲ ಕಳೆದರೆ 120 ದಿನ ಎಂದು ಇಟ್ಟುಕೊಳ್ಳುವುದು ಸುರಕ್ಷಿತ. ಭಾಗಿಸಿದರೆ ದಿನಕ್ಕೆ 4,500. ಸಂಘದ ಕೆಲಸಕ್ಕೆ 12 ದಿನ ಬೇಕಾದರೆ 54,000. ಇದಕ್ಕಿಂತ ಕೆಳಗೆ ಇಳಿದರೆ ನಷ್ಟ ನಿಮ್ಮ ಮನೆಯದು.

ಚೌಕಾಸಿ ಬಂದೇ ಬರುತ್ತದೆ. ಆಗ ಮೊತ್ತವನ್ನು ಸುಮ್ನೆ ಇಳಿಸಬೇಡಿ, ಕೆಲಸ ಇಳಿಸಿ. "ಫೋಟೊ ಗ್ಯಾಲರಿ ಈಗ ಬೇಡ, ಮುಂದಿನ ವರ್ಷ ಮಾಡೋಣ, ಇಷ್ಟು ಕಡಿಮೆ ಆಗುತ್ತೆ" ಅನ್ನಿ. ಡೊಮೈನ್, ಹೋಸ್ಟಿಂಗ್ ಖರ್ಚನ್ನು ನಿಮ್ಮ ಮೊತ್ತದಲ್ಲಿ ಸೇರಿಸದೆ ಬೇರೆ ಸಾಲಿನಲ್ಲಿ ತೋರಿಸಿ. ಅದು ಪ್ರತಿ ವರ್ಷ ಬರುವ ಖರ್ಚು ಎಂದು ಆಡಳಿತ ಮಂಡಳಿಗೆ ಮೊದಲೇ ಗೊತ್ತಿರಬೇಕು.

ಹೆಜ್ಜೆ 3: ಎರಡು ಪುಟದ ಕರಾರು

ಪರಿಚಯದವರು, ಊರಿನವರು ಎಂದು ಕಾಗದ ಬಿಡಬೇಡಿ. ಪರಿಚಯ ಉಳಿಯಬೇಕಾದರೇ ಕಾಗದ ಜಾಸ್ತಿ ಬೇಕು. ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ, ಪಠ್ಯ ಯಾವ ದಿನದೊಳಗೆ ಬರಬೇಕು, ಬರದಿದ್ದರೆ ಏನು, ಹಣ ಯಾವಾಗ ಎಂಬುದು ಕನ್ನಡದಲ್ಲೇ ಇರಲಿ. ಮಂಡಳಿಯ ಎಲ್ಲರೂ ಓದಿ ಒಪ್ಪುವಂತಾಗುತ್ತದೆ. ನನ್ನ ಸಲಹೆ: ಶೇ. 40 ಅಡ್ವಾನ್ಸ್, ವಿನ್ಯಾಸ ಒಪ್ಪಿದಾಗ ಶೇ. 30, ಸೈಟ್ ಸಾರ್ವಜನಿಕರಿಗೆ ತೆರೆಯುವ ಮುಂಚೆ ಉಳಿದ ಶೇ. 30. ತೆರೆದ ಮೇಲೆ ಕೊಡುತ್ತೇವೆ ಎಂಬ ಮಾತಿಗೆ ನಯವಾಗಿಯೇ ಇಲ್ಲ ಅನ್ನಿ.

ಕರಾರಿನಲ್ಲಿ ಬಹಳ ಜನ ಮರೆಯುವುದು ಹಕ್ಕಿನ ವಿಷಯ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಫ್ರೀಲ್ಯಾನ್ಸರ್ ಮಾಡಿದ ವಿನ್ಯಾಸ ಮತ್ತು ಕೋಡ್‌ನ ಮೊದಲ ಹಕ್ಕು ಸಾಮಾನ್ಯವಾಗಿ ಅದನ್ನು ಮಾಡಿದವರದೇ. ಹಣ ಕೊಟ್ಟು ತೆಗೆಸಿದ ಫೋಟೊಗೆ ನಿಯಮ ಬೇರೆ, ಅದರ ಹಕ್ಕು ತೆಗೆಸಿದವರದು. ಹಕ್ಕನ್ನು ಬಿಟ್ಟುಕೊಡುವುದಾದರೆ ಬರವಣಿಗೆಯಲ್ಲೇ, ಸಹಿಯೊಂದಿಗೆ ಆಗಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷಕ್ಕೆ ಎಂದೇ ಅರ್ಥ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆದ್ದರಿಂದ ಹೀಗೆ ಬರೆಯಿರಿ: ಕೊನೆಯ ಕಂತು ಬಂದ ದಿನ ಈ ಸೈಟಿನ ವಿನ್ಯಾಸದ ಹಕ್ಕು ಸಂಘಕ್ಕೆ, ಶಾಶ್ವತವಾಗಿ, ಎಲ್ಲ ಕಡೆಗೆ. ಕೆಲಸವನ್ನು ನನ್ನ ಮಾದರಿಗಳಲ್ಲಿ ತೋರಿಸುವ ಅನುಮತಿ ನನಗೆ. ವರ್ಡ್‌ಪ್ರೆಸ್‌ನಂಥ ಮುಕ್ತ ತಂತ್ರಾಂಶ ಅದರದೇ ಲೈಸೆನ್ಸ್‌ನಲ್ಲಿ ಉಳಿಯುತ್ತದೆ ಎಂಬುದನ್ನೂ ಸೇರಿಸಿ.

ಇದಕ್ಕೂ ಮೊದಲೇ ಆಗಬೇಕಾದ ಒಂದು ಕೆಲಸ ಇದೆ, ಉದ್ಯಮ್ ನೋಂದಣಿ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರಕಾರ ಕೊಡುವ ನೋಂದಣಿ ಇದು. ಆಧಾರ್, ಪ್ಯಾನ್ ಇದ್ದರೆ ಸರಕಾರದ ಪೋರ್ಟಲ್‌ನಲ್ಲಿ ಉಚಿತವಾಗಿ ಆಗುತ್ತದೆ. ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ನೋಂದಾಯಿಸಿದ ಸೂಕ್ಷ್ಮ ಉದ್ಯಮಕ್ಕೆ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ರಕ್ಷಣೆ ಸಿಗುತ್ತದೆ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಕೆಲಸ ಒಪ್ಪಿಕೊಂಡ 45 ದಿನಗಳೊಳಗೆ ಹಣ ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳ ಲೆಕ್ಕದಲ್ಲಿ. ದೂರು ಕೊಡಲು ರಾಜ್ಯದಲ್ಲಿ ಮಂಡಳಿ ಇದೆ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಹಾಕಿ. ಅದನ್ನು ನೋಡಿದ ಆಡಿಟರ್‌ಗೆ ಉಳಿದದ್ದು ಅರ್ಥವಾಗುತ್ತದೆ.

ಹೆಜ್ಜೆ 4: ಪಠ್ಯವನ್ನು ಹದಕ್ಕೆ ತರುವುದು

ಸಂಘದಿಂದ ಬರುವ ಫೈಲುಗಳಲ್ಲಿ ಹೆಚ್ಚಿನವು "ನುಡಿ" ಅಥವಾ "ಬರಹ" ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇರುತ್ತವೆ. ಅವು ಯೂನಿಕೋಡ್, ಅಂದರೆ ಎಲ್ಲ ಫೋನು-ಕಂಪ್ಯೂಟರ್‌ಗಳೂ ಗುರುತಿಸುವ ಅಕ್ಷರ ಸಂಕೇತ, ಅಲ್ಲ. ಫಾಂಟ್ ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೂ ಪರಿವರ್ತಿಸಿದ್ದನ್ನು ಹಾಗೇ ಅಂಟಿಸಬೇಡಿ. ಅರ್ಕಾವತ್ತು ಇರುವ ಪದಗಳನ್ನು (ಕಾರ್ಯದರ್ಶಿ, ವಾರ್ಷಿಕ, ಧರ್ಮ), ಅಂಕಿಗಳನ್ನು, ಮಧ್ಯೆ ಬಂದ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ನೋಡಿ. ಇಂಗ್ಲಿಷ್ ಪದವೂ ಪರಿವರ್ತನೆಯಾಗಿ ವಿಚಿತ್ರ ಕನ್ನಡ ಅಕ್ಷರಗಳಾಗಿರುತ್ತವೆ. ಈ ಕೆಲಸಕ್ಕೆ ಕೊಟೇಶನ್‌ನಲ್ಲಿ ಬೇರೆ ಸಾಲು, ಬೇರೆ ಮೊತ್ತ ಇರಲಿ.

ಕಣ್ಣಿಗೆ ಕಾಣದ ಎರಡು ಅಕ್ಷರಗಳನ್ನು ಚೆನ್ನಾಗಿ ಅರಿತಿರಬೇಕು. ಅಕ್ಷರಗಳು ಹೇಗೆ ಕೂಡಬೇಕು ಎಂದು ಹೇಳುವ ಜಾಯಿನರ್, ಕೂಡಬಾರದು ಎನ್ನುವ ನಾನ್-ಜಾಯಿನರ್. "ವೆಬ್‌ಸೈಟ್" ಪದದಲ್ಲಿ ಬ್ ಆದ ಮೇಲೆ ನಾನ್-ಜಾಯಿನರ್ ಇಲ್ಲದಿದ್ದರೆ ಅದು "ವೆಬ್ಸೈಟ್" ಆಗುತ್ತದೆ. "ರ‍್ಯಾಂಕ್" ಪದದಲ್ಲಿ ರ ಆದ ಮೇಲೆ ಜಾಯಿನರ್ ಇಲ್ಲದಿದ್ದರೆ ಅರ್ಕಾವತ್ತು ಬಂದು "ರ್ಯಾಂಕ್" ಆಗುತ್ತದೆ. ಊರಿನ ಹೆಸರು, ಸದಸ್ಯರ ಹೆಸರುಗಳಲ್ಲಿ ಇದು ಪದೇ ಪದೇ ಬರುತ್ತದೆ. ಇದರಿಂದ ಹುಡುಕಾಟಕ್ಕೂ ತೊಂದರೆ ಇದೆ. ಸೈಟಿನಲ್ಲಿ ಈ ಅಕ್ಷರ ಇದ್ದು, ಓದುಗರು ಇಲ್ಲದೆ ಟೈಪ್ ಮಾಡಿದರೆ ಎರಡೂ ಹೊಂದುವುದಿಲ್ಲ. ಸೈಟಿನೊಳಗೆ ಹುಡುಕುವ ಸೌಲಭ್ಯ ಇದ್ದರೆ, ಹೋಲಿಸುವ ಮುಂಚೆ ಎರಡೂ ಕಡೆಯಿಂದ ಈ ಕಾಣದ ಅಕ್ಷರಗಳನ್ನು ತೆಗೆಯುವ ಹಾಗೆ ಕೋಡ್ ಬರೆಯಿರಿ.

ಭಾಷೆಯನ್ನೂ ಸ್ವಲ್ಪ ತಿದ್ದಲು ಅನುಮತಿ ಕೇಳಿ. "ಸದರಿ ಸದಸ್ಯರುಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ" ಎಂಬ ಸಾಲು ನೋಟಿಸ್ ಬೋರ್ಡಿಗೆ ಇರಲಿ. ಫೋನಿನಲ್ಲಿ ಓದುವವರಿಗೆ "ಮಹಾಸಭೆ ಸೆಪ್ಟೆಂಬರ್ 14ರಂದು, ಬೆಳಿಗ್ಗೆ 11ಕ್ಕೆ" ಸಾಕು.

ಹೆಜ್ಜೆ 5: ಅಕ್ಷರ. ಇಡೀ ಕೆಲಸದ ಜೀವ ಇಲ್ಲಿದೆ

ಕನ್ನಡ ಅಕ್ಷರ ಮೇಲೆ, ಕೆಳಗೆ, ಪಕ್ಕಕ್ಕೆ ಮೂರೂ ಕಡೆ ಬೆಳೆಯುತ್ತದೆ. ಕಾಗುಣಿತದ ಚಿಹ್ನೆ ಮೇಲಕ್ಕೆ ಹೋದರೆ ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ. "ರಾಷ್ಟ್ರ", "ಲಕ್ಷ್ಮಿ", "ವೈಶಿಷ್ಟ್ಯ" ಇಂಥ ಪದಗಳಲ್ಲಿ ಎರಡೆರಡು ಒತ್ತು ಕೆಳಗೆ ಬರುತ್ತವೆ. ಇಂಗ್ಲಿಷ್‌ಗೆ ಮಾಡಿದ ಟೆಂಪ್ಲೇಟ್‌ನಲ್ಲಿ ಇವಕ್ಕೆ ಜಾಗವೇ ಇರುವುದಿಲ್ಲ. ಮೊದಲು ನೋಡಬೇಕಾದದ್ದು ಸಾಲಿನ ಎತ್ತರ. ಇಂಗ್ಲಿಷ್‌ಗೆ ಅಕ್ಷರ ಗಾತ್ರದ 1.5 ಪಟ್ಟು ಇದ್ದರೆ ಕನ್ನಡಕ್ಕೆ 1.7ರಿಂದ 1.8 ಕೊಡಿ. ತಲೆಬರಹಗಳಿಗೆ ಟೆಂಪ್ಲೇಟ್‌ಗಳು ಸಾಮಾನ್ಯವಾಗಿ 1.1 ಇಟ್ಟಿರುತ್ತವೆ. ಎರಡು ಸಾಲಿನ ಕನ್ನಡ ತಲೆಬರಹ ಅದರಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ಅದನ್ನು 1.4ರ ಮೇಲಕ್ಕೆ ತನ್ನಿ. ಬಟನ್, ಮೆನು, ಕಾರ್ಡ್‌ಗಳಲ್ಲಿ ಎತ್ತರ ಕಟ್ಟಿಹಾಕಿ ಉಳಿದದ್ದನ್ನು ಮರೆಮಾಡುವ ನಿಯಮ ಇದ್ದರೆ ಒತ್ತಕ್ಷರದ ಬುಡ ಹೋಗುವುದು ಅಲ್ಲೇ. ಎತ್ತರವನ್ನು ಕಟ್ಟಬೇಡಿ, ಪ್ಯಾಡಿಂಗ್ (ಅಕ್ಷರದ ಸುತ್ತ ಒಳಗಿನ ಜಾಗ) ಕೊಡಿ.

ಅಕ್ಷರಗಳ ನಡುವೆ ಜಾಗ ಹೆಚ್ಚಿಸುವ ಲೆಟರ್-ಸ್ಪೇಸಿಂಗ್ ಕನ್ನಡಕ್ಕೆ ಬೇಡ, ಸೊನ್ನೆಗೆ ತನ್ನಿ. ಅದು ಪದದ ಕಟ್ಟು ಸಡಿಲ ಮಾಡುತ್ತದೆ. ಓರೆ ಅಕ್ಷರವೂ ಬೇಡ. ಕನ್ನಡ ಫಾಂಟುಗಳಲ್ಲಿ ಸಾಮಾನ್ಯವಾಗಿ ಓರೆ ರೂಪ ಇರುವುದಿಲ್ಲ, ಬ್ರೌಸರ್ ಸುಮ್ಮನೆ ವಾಲಿಸಿ ತೋರಿಸುತ್ತದೆ. ಒತ್ತು ಕೊಡಬೇಕಾದ ಕಡೆ ದಪ್ಪ ಅಕ್ಷರ ಅಥವಾ ಬಣ್ಣ ಬಳಸಿ. ಎರಡೂ ಅಂಚಿಗೆ ಸಾಲು ಸರಿಹೊಂದಿಸುವ ಜಸ್ಟಿಫೈ ಕೂಡ ಫೋನಿಗೆ ಆಗದು. ಕನ್ನಡದ ಪದ ಉದ್ದ, ಪರದೆ ಕಿರಿದು. "ಕಾರ್ಯನಿರ್ವಹಣಾಧಿಕಾರಿಗಳಿಗೆ" ಎಂಬ ಪದ ಒಂದು ಸಾಲಿನಲ್ಲಿ ಕೂತರೆ ಮೇಲಿನ ಸಾಲಿನಲ್ಲಿ ದೊಡ್ಡ ದೊಡ್ಡ ಖಾಲಿ ಬೀಳುತ್ತದೆ. ಎಡಕ್ಕೆ ಹೊಂದಿಸಿ ಬಿಡಿ.

ಫಾಂಟ್ ಯಾವುದು? ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವವುಗಳಲ್ಲಿ ನೋಟೊ ಸ್ಯಾನ್ಸ್ ಕನ್ನಡ ಎಲ್ಲ ಕಡೆ ಹೊಂದುತ್ತದೆ. ಎಕ್ ಟೈಪ್‌ನವರ "ಅನೇಕ್ ಕನ್ನಡ" ಫಾಂಟಿನಲ್ಲಿ ದಪ್ಪ, ಅಗಲ ಎರಡನ್ನೂ ಬೇಕಾದಂತೆ ಹೊಂದಿಸಬಹುದು, ಮೆನು ಮತ್ತು ಕೋಷ್ಟಕಕ್ಕೆ ಬಹಳ ಅನುಕೂಲ. ಉದ್ದ ಲೇಖನ ಇದ್ದರೆ ಟೀರೊ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ ನೋಡಿ. "ಬಾಲೂ ತಮ್ಮ" ಎಂಬ ಫಾಂಟ್ ತಲೆಬರಹಕ್ಕೆ ಚೆಂದ, ಒಳಪಠ್ಯಕ್ಕೆ ಭಾರ. ಒಂದು ಸೈಟಿಗೆ ಒಂದು ಫಾಂಟ್, ಎರಡು ದಪ್ಪ ಸಾಕು. ಒತ್ತಕ್ಷರಗಳ ರೂಪಗಳೆಲ್ಲ ಇರುವುದರಿಂದ ಕನ್ನಡ ಫಾಂಟ್ ಫೈಲ್ ಇಂಗ್ಲಿಷ್‌ಗಿಂತ ದೊಡ್ಡದು. ಫೈಲನ್ನು ಕುಗ್ಗಿಸಿಡುವ ವಾಫ್2 (WOFF2) ರೂಪದಲ್ಲಿ ಇಡಿ. ಫಾಂಟ್ ಇಳಿಯುವ ತನಕ ಫೋನಿನದೇ ಕನ್ನಡ ಫಾಂಟ್ ಕಾಣಲಿ, ಖಾಲಿ ಜಾಗ ಅಲ್ಲ. ಅದಕ್ಕೆ ಸಿಎಸ್‌ಎಸ್‌ನಲ್ಲಿ ಫಾಂಟ್-ಡಿಸ್‌ಪ್ಲೇಯನ್ನು ಸ್ವ್ಯಾಪ್ (font-display: swap) ಎಂದು ಇಡಬೇಕು.

ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನಲ್ಲಿ ಗುರುತು ಹಾಕಲು ಮರೆಯಬೇಡಿ. ದೃಷ್ಟಿ ಇಲ್ಲದವರು ಬಳಸುವ ಸ್ಕ್ರೀನ್ ರೀಡರ್ ಯಾವ ಭಾಷೆಯ ಧ್ವನಿಯಲ್ಲಿ ಓದಬೇಕು ಎಂಬುದು ಅದರಿಂದಲೇ ತಿಳಿಯುವುದು.

ವಿನ್ಯಾಸದ ಕರಡು ಮಾಡುವಾಗ ಲ್ಯಾಟಿನ್ ಸುಳ್ಳು ಪಠ್ಯ ತುಂಬಬೇಡಿ. ಮೊದಲ ದಿನದಿಂದಲೇ ಸಂಘದ ನಿಜವಾದ ಕನ್ನಡ ಪಠ್ಯ ಇರಲಿ. ಇಂಗ್ಲಿಷ್‌ನ "ಸಬ್‌ಮಿಟ್" ಕೂರುವ ಬಟನ್‌ನಲ್ಲಿ "ಅರ್ಜಿ ಸಲ್ಲಿಸಿ" ಕೂರುವುದಿಲ್ಲ, ಅದು ಆಗಲೇ ಗೊತ್ತಾಗುತ್ತದೆ. ಇನ್‌ಡಿಸೈನ್‌ನಲ್ಲಿ ಕರಪತ್ರವನ್ನೂ ಮಾಡಿಕೊಡುವುದಾದರೆ ಅದರಲ್ಲಿರುವ ವರ್ಲ್ಡ್-ರೆಡಿ ಕಂಪೋಸರ್ ಎಂಬ ಅಕ್ಷರ ಜೋಡಣೆಯ ಆಯ್ಕೆ ಹಾಕಿಕೊಳ್ಳಿ, ಇಲ್ಲದಿದ್ದರೆ ಒತ್ತಕ್ಷರ ಒಡೆದು ಬಿಡಿಬಿಡಿಯಾಗುತ್ತದೆ.

ಅಂಕಿಗಳ ಬಗ್ಗೆ ಒಂದು ಮಾತು. ಕನ್ನಡ ಅಂಕಿ ನನಗೆ ಬಹಳ ಇಷ್ಟ. ಮುಖಪುಟದ ಸ್ಥಾಪನೆಯ ವರ್ಷಕ್ಕೆ, ಅಧ್ಯಾಯದ ಸಂಖ್ಯೆಗೆ ಅವು ಸೊಗಸು. ಆದರೆ ಧಾರಣೆ, ಖಾತೆ ಸಂಖ್ಯೆ, ಫೋನ್ ನಂಬರ್ ಇರುವ ಕಡೆ 0-9 ಬಳಸಿ. ಅಲ್ಲಿ ಓದುಗರಿಗೆ ಬೇಕಾದದ್ದು ವೇಗ.

ಹೆಜ್ಜೆ 6: ಬಿಸಿಲಿನಲ್ಲಿ, ಹಳೆ ಫೋನಿನಲ್ಲಿ ಪರೀಕ್ಷೆ

ನಿಮ್ಮ ದೊಡ್ಡ ಮಾನಿಟರ್‌ನಲ್ಲಿ ಚೆಂದ ಕಾಣುವುದು ಸಾಲದು. ಅಡಿಕೆ ತೋಟದಲ್ಲಿ ಸಿಗ್ನಲ್ ಒಂದು ಕಡ್ಡಿ ಇರುತ್ತದೆ. ಹಳೆಯ, ಅಗ್ಗದ ಆಂಡ್ರಾಯ್ಡ್ ಫೋನ್ ಒಂದನ್ನು ಪರೀಕ್ಷೆಗೆಂದೇ ಇಟ್ಟುಕೊಳ್ಳಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಹಾಕಿಕೊಂಡ ಅಳತೆ. ಮುಖಪುಟದಲ್ಲಿ ಜಾರುವ ಐದು ದೊಡ್ಡ ಫೋಟೊ ತೆಗೆದರೆ ಅರ್ಧ ದಾರಿ ಮುಗಿದ ಹಾಗೆ. ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ವ್ಯತ್ಯಾಸ ಕನಿಷ್ಠ 4.5:1 ಇರಬೇಕು ಎಂದು, ಸೈಟ್ ಎಲ್ಲರಿಗೂ ಓದಲಾಗಬೇಕು ಎಂದು ಮಾಡಿದ ಡಬ್ಲ್ಯುಸಿಎಜಿ ಮಾನದಂಡ ಹೇಳುತ್ತದೆ. ಬಿಳಿ ಮೇಲೆ ತಿಳಿಬೂದು ಅಕ್ಷರ ಅದರಲ್ಲಿ ಪಾಸಾಗುವುದಿಲ್ಲ, ವಯಸ್ಸಾದವರ ಕಣ್ಣಿಗೂ ಕಾಣುವುದಿಲ್ಲ.

ಪುಟಗಳ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡಿ. ಕನ್ನಡದಲ್ಲಿ ಇಟ್ಟರೆ ವಾಟ್ಸಾಪ್‌ನಲ್ಲಿ ಕಳಿಸಿದಾಗ ಅದು ಶೇಕಡಾ ಚಿಹ್ನೆ, ಅಂಕಿಗಳ ಮಾರುದ್ದದ ಸಾಲಾಗುವುದು ಇದೆ. ಡೊಮೈನ್ ಹೆಸರಿಗೆ ಕನ್ನಡ ಲಿಪಿಯ ".ಭಾರತ" ಸಿಗುತ್ತದೆ, ತೆಗೆದುಕೊಳ್ಳಬಹುದು. ಆದರೆ ಅದರ ಜೊತೆಗೆ ಡಾಟ್ ಇನ್ ವಿಳಾಸವೂ ಇರಲಿ, ಎರಡೂ ಒಂದೇ ಸೈಟಿಗೆ ಹೋಗಲಿ.

ಸದಸ್ಯರಿಂದ ಹೆಸರು, ಫೋನ್ ಪಡೆಯುವ ಅರ್ಜಿ ಇದ್ದರೆ ಬೇಕಾದಷ್ಟನ್ನು ಮಾತ್ರ ಕೇಳಿ, ಯಾಕೆ ಕೇಳುತ್ತಿದ್ದೇವೆ ಎಂದು ಅಲ್ಲೇ ಕನ್ನಡದಲ್ಲಿ ಬರೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದಾರಿಯೂ ಇದೇ.

ಹೆಜ್ಜೆ 7: ಒಪ್ಪಿಸುವುದು

ಡೊಮೈನ್ ಸಂಘದ ಹೆಸರಿನಲ್ಲಿ, ಸಂಘದ ಇಮೇಲ್‌ನಲ್ಲಿ ನೋಂದಣಿ ಆಗಬೇಕು. ನಿಮ್ಮ ಹೆಸರಿನಲ್ಲಿ ಬೇಡ, ಈಗಿನ ಕಾರ್ಯದರ್ಶಿಯ ಸ್ವಂತ ಇಮೇಲ್‌ನಲ್ಲೂ ಬೇಡ. ಅವರು ಬದಲಾದ ದಿನ ಸೈಟ್ ಅನಾಥವಾಗುತ್ತದೆ. ಧಾರಣೆ ಹಾಕುವ ಗುಮಾಸ್ತರ ಜೊತೆ ಕೂತು ಕಲಿಸಿಕೊಡಿ. ಅವರು ವರ್ಷಗಳಿಂದ ನುಡಿ ಕೀಲಿಮಣೆಯಲ್ಲಿ ಟೈಪ್ ಮಾಡುತ್ತಿದ್ದರೆ ಹೊಸದು ಕಲಿಯಿರಿ ಅನ್ನಬೇಡಿ. ನುಡಿಯ ಹೊಸ ಆವೃತ್ತಿಗಳಲ್ಲಿ ಅದೇ ಕೀಲಿಗಳಿಂದ ಯೂನಿಕೋಡ್ ಬರುತ್ತದೆ, ಅದನ್ನು ಹಾಕಿಕೊಡಿ. ಮಾಡಬೇಕಾದದ್ದನ್ನು ಚಿತ್ರಗಳ ಸಮೇತ ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿ ಮೇಜಿನ ಪಕ್ಕ ಅಂಟಿಸಿ ಬನ್ನಿ.

ಹೆಜ್ಜೆ 8: ಬಿಲ್ಲು, ತೆರಿಗೆ

ಇದನ್ನು ಬೇಗ ಮುಗಿಸೋಣ. ಕರ್ನಾಟಕದಲ್ಲಿ ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಅದರೊಳಗಿದ್ದರೆ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತಿಲ್ಲ. ಸಂಸ್ಥೆಗಳು ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಉಳಿದದ್ದನ್ನು ಕೊಡಬಹುದು. ಪ್ಯಾನ್ ಸಂಖ್ಯೆಯನ್ನು ಮೊದಲೇ ಕೊಡಿ, ಹಿಡಿದದ್ದು ನಿಮ್ಮ ಲೆಕ್ಕಕ್ಕೆ ಬಂದಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿ. ಟಿಡಿಎಸ್ ಕಳೆದು ಕಟ್ಟಬೇಕಾದ ವರ್ಷದ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚಾದರೆ ಮುಂಗಡ ತೆರಿಗೆ ಕಟ್ಟಬೇಕು. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ನೇ ತಾರೀಕು ನೆನಪಿಡಿ. ಬಂದ ಪ್ರತಿ ಪೇಮೆಂಟ್‌ನ ಒಂದು ಪಾಲನ್ನು ಅದೇ ದಿನ ಬೇರೆ ಖಾತೆಗೆ ಹಾಕುವುದು ಒಳ್ಳೆಯದು. ಉಳಿದದ್ದನ್ನು ಆಡಿಟರ್ ಹತ್ತಿರ ಕೇಳಿ, ಅವರ ಫೀಸು ಹೊರೆಯಲ್ಲ.

ಹೆಜ್ಜೆ 9: ನಿಮ್ಮ ದಿನ, ನಿಮ್ಮ ಕೈ

ಒಬ್ಬರೇ ಕೆಲಸ ಮಾಡುವಾಗ ದಿನಕ್ಕೆ ಬೇಲಿ ಹಾಕುವವರೂ ನೀವೇ. ವಿನ್ಯಾಸದ ಕೆಲಸಕ್ಕೆ ಬೆಳಗಿನ ಹೊತ್ತು ಇಡಿ, ಫೋನು-ವಾಟ್ಸಾಪ್‌ಗೆ ಮಧ್ಯಾಹ್ನ. ರಾತ್ರಿ ಎಂಟರ ಮೇಲೆ ಉತ್ತರಿಸುವುದಿಲ್ಲ ಎಂದು ಕರಾರಿನಲ್ಲೇ ಬರೆದುಬಿಡಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಗೊತ್ತೇ ಇದೆಯಲ್ವಾ? ಇನ್ವರ್ಟರ್ ಇರಲಿ, ಪ್ರತಿ ಸಂಜೆ ಕೋಡ್ ಗಿಟ್‌ಗೆ (ಕೋಡ್‌ನ ಪ್ರತಿ ಬದಲಾವಣೆ ಉಳಿಸಿಡುವ ವ್ಯವಸ್ಥೆ) ಹೋಗಿರಲಿ.

ವಾರದಲ್ಲಿ ಅರ್ಧ ದಿನವನ್ನಾದರೂ ಯಾರೂ ಹಣ ಕೊಡದ ಕೆಲಸಕ್ಕೆ ಇಡಿ. ಇದು ಬಿಡುವಿದ್ದರೆ ಮಾಡುವ ಕೆಲಸ ಅಲ್ಲ. ಕಣ್ಣು ಪಳಗುವುದು ಇಲ್ಲಿ. ಪೇಟೆ ಬೀದಿಯಲ್ಲಿ ಕೈಯಲ್ಲಿ ಬರೆದ ಹಳೆಯ ಅಂಗಡಿ ಬೋರ್ಡುಗಳ ಫೋಟೊ ತೆಗೆದಿಡಿ. ಕನ್ನಡ ಭಾಷೆಯ ಅಭಿವೃದ್ಧಿಗೆಂದು ಇರುವ ರಾಜ್ಯದ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯಿಂದ ಅಂಗಡಿಗಳ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕಾಗಿದೆ. ಬಹಳಷ್ಟು ಹೊಸ ಬೋರ್ಡುಗಳು ಒಂದೇ ಫಾಂಟಿನ ಪ್ರಿಂಟ್ ಆಗಿವೆ. ಕೈಬರಹದ ಕಲಾವಿದರು "ಕ್ಷ" ಅಕ್ಷರದ ಹೊಟ್ಟೆಯನ್ನು, "ಶ್ರೀ"ಯ ಸುತ್ತನ್ನು ಎಷ್ಟು ಬಗೆಯಲ್ಲಿ ತಿರುಗಿಸಿದ್ದಾರೆ ನೋಡಿ. ಅದನ್ನು ಪೆನ್ಸಿಲ್‌ನಲ್ಲಿ ಬರೆದು ನೋಡಿ. ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" 1843ರಲ್ಲಿ ಬಂದಾಗ ಅಚ್ಚಾಗಿದ್ದು ಕಲ್ಲಚ್ಚಿನಲ್ಲಿ. ಆ ಕಾಲದ ಪುಟಗಳ ಚಿತ್ರ ಸಿಕ್ಕಿದರೆ ಅಕ್ಷರಗಳ ತೂಕ, ಸಾಲುಗಳ ಅಂತರ ಗಮನಿಸಿ.

ಧಾರವಾಡದ ಕಸೂತಿಯೂ ನನಗೆ ಪಾಠದ ಮನೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡುತ್ತವೆ. ಎಲ್ಲವೂ ಬಟ್ಟೆಯ ಎಳೆ ಎಣಿಸಿ ಹಾಕಿದವು. ಹಾಗಾಗಿ ಗ್ರಿಡ್ ಮೇಲೆ ಎಸ್‌ವಿಜಿ (ಗೆರೆಗಳ ಲೆಕ್ಕವಾಗಿ ಉಳಿಯುವ ಚಿತ್ರ) ರೂಪದಲ್ಲಿ ಬಿಡಿಸಲು ಸುಲಭ, ಫೈಲ್ ಕೂಡ ಬಹಳ ಚಿಕ್ಕದು. ಆದರೆ ಕಸೂತಿಗೆ ಜಿಐ (ಭೌಗೋಳಿಕ ಸೂಚಕ) ಗುರುತು ಇದೆ, ಹೆಣ್ಣುಮಕ್ಕಳ ದುಡಿಮೆ ಇದೆ. ವಿನ್ಯಾಸ ತೆಗೆದುಕೊಂಡರೆ ಎಲ್ಲಿಂದ ಬಂತು ಎಂದು ಸೈಟಿನಲ್ಲಿ ಬರೆಯಿರಿ. ಸಾಧ್ಯವಾದರೆ ಹಾಕುವವರಿಂದಲೇ ಹಣ ಕೊಟ್ಟು ಮಾಡಿಸಿ.

ಇದನ್ನೆಲ್ಲ ಒಟ್ಟು ಮಾಡಲು ಒಂದು ಸ್ವಂತ ಪುಟ ಕಟ್ಟಿ. ನಿಮ್ಮ ಸೀಮೆಯ ಅಪ್ಪೆಮಿಡಿ ತಳಿಗಳ ಹೆಸರು, ರುಚಿ, ಯಾವ ಹಳ್ಳದ ಪಕ್ಕದ ಮರ ಎಂಬುದರ ಪಟ್ಟಿ ಆಗಬಹುದು. ಅಥವಾ ಊರ ಸುತ್ತಲಿನ ಜಾತ್ರೆಗಳ ದಿನಾಂಕ. ವಿಷಯ ಚಿಕ್ಕದಿರಲಿ, ಮಾಹಿತಿ ನೀವೇ ಹೋಗಿ ಕೇಳಿ ತಂದದ್ದಾಗಿರಲಿ, ಅಕ್ಷರ ಜೋಡಣೆಯಲ್ಲಿ ಯಾವ ರಾಜಿಯೂ ಬೇಡ. ಮಂಡಳಿಯ ಸಭೆಯಲ್ಲಿ ಸ್ಲೈಡ್ ತೋರಿಸುವ ಬದಲು ಅಲ್ಲಿರುವವರ ಫೋನಿಗೇ ಈ ಪುಟದ ಲಿಂಕ್ ಕಳಿಸಿ, ಅವರು ಓದಿ ಮುಗಿಸಲಿ, ಆಮೇಲೆ ಕೊಟೇಶನ್ ಮುಂದಿಡಿ.